ಪೋಶ್ಚರ್ ಬೆಲ್ಟಿಗಿಂತ ಲೇಟೆಕ್ಸ್ ಬ್ಯಾಂಡೇ ವಾಸಿ: ದೀರ್ಘ ಬಳಕೆಯ ನಂತರದ ವಿಮರ್ಶೆ

ಭುಜ ಬಾಗಿದೆ, ಕತ್ತು ಮುಂದೆ ಚಾಚಿದೆ ಅಂದರೆ ಜನ ಮೊದಲು ಕೊಳ್ಳುವುದು ಭುಜಕ್ಕೆ ಕಟ್ಟುವ ಪೋಶ್ಚರ್ ಬೆಲ್ಟ್. ಆ ದುಡ್ಡಿಗೆ ವ್ಯಾಯಾಮಕ್ಕೆ ಎಳೆಯುವ ಒಂದು ಚಪ್ಪಟೆ ಲೇಟೆಕ್ಸ್ (ರಬ್ಬರ್) ಬ್ಯಾಂಡ್ ತಗೊಳ್ಳಿ. ಬೆಲ್ಟ್ ಕಟ್ಟಿದಾಗ ಭುಜವನ್ನು ಹಿಂದಕ್ಕೆಳೆಯುವುದು ಬೆಲ್ಟೇ; ಬೆನ್ನಿನ ಸ್ನಾಯುಗಳಿಗೆ ಕೆಲಸ ಕಡಿಮೆ. ಬಿಚ್ಚಿದ ಮೇಲೆ ಮತ್ತೆ ಅದೇ ಗೂನು. ತೀರಾ ಬಿಗಿದರೆ ಪಟ್ಟಿ ಕಂಕುಳಲ್ಲಿ ಒತ್ತಿ ಕೈ ಜೋಮು ಹಿಡಿಯುವುದೂ ಉಂಟು.

ಬ್ಯಾಂಡ್ ಒಂದೂವರೆಯಿಂದ ಎರಡು ಮೀಟರ್ ಇದ್ದರೆ ಸಾಕು. ಥೆರಾಬ್ಯಾಂಡ್ ಕಂಪನಿಯ ಬ್ಯಾಂಡ್‌ಗಳಲ್ಲಿ ಹಳದಿ, ಕೆಂಪು, ಹಸಿರು, ನೀಲಿ, ಕಪ್ಪು ಹೀಗೆ ಬಿಗಿ ಏರುತ್ತದೆ. ಬೇರೆ ಕಂಪನಿಗಳ ಬಣ್ಣಕ್ಕೆ ಈ ಲೆಕ್ಕ ಹಿಡಿಯಬೇಡಿ. ಥೆರಾಬ್ಯಾಂಡ್‌ನ ಕೆಂಪು ಬ್ಯಾಂಡನ್ನು ಎರಡರಷ್ಟು ಉದ್ದಕ್ಕೆ ಎಳೆದರೆ ಸುಮಾರು 1.7 ಕೆ.ಜಿ. ಎಳೆತ ಸಿಗುತ್ತದೆ. ಕಡಿಮೆ ಅನ್ನಿಸಬಹುದು, ಆದರೆ ಭುಜದ ಹಿಂದಿನ ಸಣ್ಣ ಸ್ನಾಯುಗಳಿಗೆ ಶುರುವಿನಲ್ಲಿ ಅಷ್ಟೇ ಬೇಕು.

ನಮ್ಮ ಮಟ್ಟಿಗೆ ಮುಖ್ಯ ವ್ಯಾಯಾಮ ಪುಲ್-ಅಪಾರ್ಟ್. ಕೈಗಳನ್ನು ಎದೆಯ ಎತ್ತರಕ್ಕೆ ಮುಂದೆ ಚಾಚಿ, ಅಂಗೈ ಮೇಲ್ಮುಖವಾಗಿಟ್ಟು, ಭುಜದಗಲಕ್ಕೆ ಬ್ಯಾಂಡ್ ಹಿಡಿಯಿರಿ. ಮೊಣಕೈ ತುಸು ಸಡಿಲ ಇರಲಿ. ಬ್ಯಾಂಡ್ ಎದೆಗೆ ತಾಗುವವರೆಗೆ ಎರಡೂ ಕಡೆ ಎಳೆದು, 2 ಸೆಕೆಂಡ್ ತಡೆದು, 3-4 ಸೆಕೆಂಡಿನಲ್ಲಿ ನಿಧಾನಕ್ಕೆ ಬಿಡಿ. 12ರಂತೆ 2-3 ಸುತ್ತು, ವಾರಕ್ಕೆ 3 ದಿನ. ಇಲ್ಲಿ ಹೆಚ್ಚಿನವರು ತಪ್ಪುವುದು ಎರಡು ಕಡೆ. ಒಂದು, ಭುಜ ಕಿವಿಯತ್ತ ಏರುತ್ತದೆ. ಆಗ ಹೆಗಲೆಲುಬುಗಳ ನಡುವಿನ ಸ್ನಾಯುಗಳ ಕೆಲಸವನ್ನು ಕತ್ತಿನ ಬುಡದ ಸ್ನಾಯು ಕಸಿದುಕೊಂಡು, ಮರುದಿನ ಕತ್ತೇ ನೋಯುತ್ತದೆ. ಇನ್ನೊಂದು, ಸೊಂಟ ಹಿಂದಕ್ಕೆ ಬಾಗಿ ಪಕ್ಕೆಲುಬು ಮುಂದೆ ಉಬ್ಬುತ್ತದೆ. ಹೀಗಾದರೆ ಬ್ಯಾಂಡ್ ಬಿಗಿ ಹೆಚ್ಚಾಯಿತು ಎಂದೇ ಅರ್ಥ, ಒಂದು ಬಣ್ಣ ಕೆಳಗಿಳಿಯಿರಿ. 15 ಸಲ ಅಲುಗಾಡದೆ ಎಳೆಯಲು ಬಂದ ಮೇಲೆ ಮುಂದಿನ ಬಣ್ಣ.

ಕಿಟಕಿ ಸರಳಿಗೆ ಬ್ಯಾಂಡ್ ಸುತ್ತಿ ಹೊಟ್ಟೆಯತ್ತ ಎಳೆಯುವ ರೋಯಿಂಗ್ ಕೂಡ ಒಳ್ಳೆಯದು. ಸರಳಿಗೆ ಮೊದಲು ಟವಲ್ ಸುತ್ತಿ. ತುಕ್ಕಿನ ಚೂಪು ಲೇಟೆಕ್ಸನ್ನು ಸೀಳುತ್ತದೆ.

ವಾರಕ್ಕೆ ಮೂರು ಸಲ ಕಾಲು ಗಂಟೆ ಎಳೆದು, ಉಳಿದ ಹೊತ್ತೆಲ್ಲ ಲ್ಯಾಪ್‌ಟಾಪ್ ಮೇಲೆ ಬಗ್ಗಿ ಕೂತರೆ ಬ್ಯಾಂಡ್ ಏನೂ ಮಾಡಲಾರದು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಲ್ಯಾಪ್‌ಟಾಪ್ ಕೆಳಗೆ ಪುಸ್ತಕ ಪೇರಿಸಿ, ಕೀಬೋರ್ಡ್ ಬೇರೆ ಹಾಕಿಕೊಳ್ಳಿ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ನೋವು ತೋಳಿಗಿಳಿದರೆ ಅಥವಾ ಬೆರಳು ಮರಗಟ್ಟಿದರೆ ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಬಾಳಿಕೆಯ ಮಾತು. ಬಿಸಿಲು, ಬೆವರು, ಉಗುರು, ಉಂಗುರ ಇವೇ ಲೇಟೆಕ್ಸಿನ ಶತ್ರುಗಳು. ಬಳಸಿ ಒರೆಸಿ, ನೆರಳಲ್ಲಿಡಿ; ಅಂಟಾದರೆ ಚೂರು ಟಾಲ್ಕಂ ಪೌಡರ್ ಸವರಿ. ಮೂರರಷ್ಟು ಉದ್ದ ಮೀರಿ ಎಳೆಯಬೇಡಿ. ಆಗಾಗ ಬೆಳಕಿಗೆ ಹಿಡಿದು ನೋಡಿ: ಸೂಜಿಮೊನೆಯಷ್ಟು ತೂತು ಕಂಡರೂ ಎಸೆಯಿರಿ, ಎಳೆಯುವಾಗ ಹರಿದರೆ ಹೊಡೆಯುವುದು ಮುಖಕ್ಕೆ. ಲೇಟೆಕ್ಸ್ ಅಲರ್ಜಿ ಇರುವವರು ಲೇಟೆಕ್ಸ್ ರಹಿತ ಬ್ಯಾಂಡನ್ನೇ ಕೇಳಿ ತಗೊಳ್ಳಿ.