ಬಜ್ಪೆಯಿಂದ ಹಾರುವಾಗ ಹೊತ್ತು ನೋಡಿ, ದರ ಆಮೇಲೆ

ನಮ್ಮ ಮನೆ ಉಡುಪಿಯಲ್ಲಿ. ಅಣ್ಣ ದುಬೈಯಲ್ಲಿದ್ದಾನೆ, ಅಕ್ಕ ಬೆಂಗಳೂರಿನಲ್ಲಿ. ಹಾಗಾಗಿ ಬಜ್ಪೆಯಲ್ಲಿರುವ ಮಂಗಳೂರು ವಿಮಾನ ನಿಲ್ದಾಣಕ್ಕೆ ನಾನು ಹೋಗಿ ಬಂದಿದ್ದಕ್ಕೆ ಲೆಕ್ಕವಿಲ್ಲ. ಜೆಟ್ ಏರ್‌ವೇಸ್, ಕಿಂಗ್‌ಫಿಶರ್ ಕಾಲದಿಂದಲೂ ಇಲ್ಲಿಂದ ಹಾರುತ್ತಿದ್ದೇನೆ. ಇಷ್ಟು ವರ್ಷ ಬಳಸಿದ ಮೇಲೆ ನಾನು ಹೇಳುವುದು ಒಂದೇ. ಇಲ್ಲಿಂದ ಟಿಕೆಟ್ ತೆಗೆಯುವವರು ಮೊದಲು ಹೊತ್ತು ನೋಡಬೇಕು, ದರ ಆಮೇಲೆ. ಐನೂರು ರೂಪಾಯಿ ಉಳಿಯುತ್ತದೆ ಅಂತ ಸಂಜೆಯ ಕೊನೆಯ ವಿಮಾನಕ್ಕೆ ಬುಕ್ ಮಾಡುವುದು ಬೇಡ. ಮಳೆಗಾಲದಲ್ಲಂತೂ ಬೇಡವೇ ಬೇಡ.

ನಮ್ಮಲ್ಲಿ ಕಂಪನಿಗಳೇ ಕಮ್ಮಿ, ತೊಂದರೆ ಇರುವುದು ಅಲ್ಲಿಯೇ. ಕಿಂಗ್‌ಫಿಶರ್ 2012ರಲ್ಲಿ ನಿಂತಿತು. ಜೆಟ್ 2019ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ಈಗ ಬಜ್ಪೆಯಲ್ಲಿ ಕಾಣುವುದು ಹೆಚ್ಚಾಗಿ ಇಂಡಿಗೋ, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಎರಡೇ. ದೊಡ್ಡ ಊರಿನಲ್ಲಿ ಒಂದು ವಿಮಾನ ರದ್ದಾದರೆ ಸ್ವಲ್ಪ ಹೊತ್ತಿಗೆ ಬೇರೆ ಕಂಪನಿಯದ್ದು ಸಿಗುತ್ತದೆ. ಇಲ್ಲಿ ಬೆಳಗ್ಗಿನದ್ದು ಹೋದರೆ ಮಧ್ಯಾಹ್ನ ಏನಾದರೂ ಉಂಟು ಅನ್ನಬಹುದು. ಸಂಜೆಯದ್ದು ಹೋದರೆ ಮರುದಿನವೇ ಗತಿ, ಇಲ್ಲವಾದರೆ ರಾತ್ರಿ ಬಸ್ಸು.

ಕಂಪನಿಗಳು ಕಮ್ಮಿಯಾದರೆ ಎಂತಾಗುತ್ತದೆ ಅನ್ನುವುದನ್ನು 2025ರ ಡಿಸೆಂಬರ್‌ನಲ್ಲಿ ಇಡೀ ದೇಶವೇ ನೋಡಿತಲ್ಲ. ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತ್ತು. ರಾತ್ರಿ ಇಳಿಸುವುದಕ್ಕೂ ಮಿತಿ ಬಂದಿತ್ತು. ಅದಕ್ಕೆ ತಕ್ಕಷ್ಟು ಪೈಲಟ್‌ಗಳಿಲ್ಲದೆ ಇಂಡಿಗೋದ ಸಾವಿರಾರು ಹಾರಾಟ ರದ್ದಾದವು. ಉಳಿದ ಟಿಕೆಟ್‌ಗಳ ದರ ಮೇಲೇರಿದ ರಭಸಕ್ಕೆ ಸರ್ಕಾರವೇ ತಾತ್ಕಾಲಿಕವಾಗಿ ಮಿತಿ ಹಾಕಬೇಕಾಯಿತು. 500 ಕಿಲೋಮೀಟರ್‌ವರೆಗೆ 7,500 ರೂಪಾಯಿ ಅಂತ. ನಮ್ಮ ಬೆಂಗಳೂರು ವಿಮಾನ ಆ ಲೆಕ್ಕಕ್ಕೇ ಬರುತ್ತಿತ್ತು. ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ನಿದ್ದೆಗೆಟ್ಟ ಪೈಲಟ್ ಯಾರಿಗೆ ಬೇಕು?

ಊಟದ ವಿಷಯಕ್ಕೆ ಜನ ಇನ್ನೂ ಗೊಣಗುತ್ತಾರೆ. ಜೆಟ್‌ನಲ್ಲಿ ಕೂತ ಕೂಡಲೇ ಟ್ರೇ ಬರುತ್ತಿತ್ತು ಅಂತ. ಬರುತ್ತಿತ್ತು, ಹೌದು. ಆದರೆ ಬೆಂಗಳೂರಿಗೆ ಹೆಚ್ಚು ಕಮ್ಮಿ ಒಂದು ಗಂಟೆ ಅಷ್ಟೇ ಅಲ್ವಾ? ನಾನು ಮನೆಯಲ್ಲೇ ಎರಡು ನೀರುದೋಸೆ ಜಾಸ್ತಿ ತಿಂದು ಹೊರಡುತ್ತೇನೆ. ಸೀಟಿನದ್ದು ಮಾತ್ರ ಕಿರಿಕಿರಿಯ ವಿಷಯ. ವೆಬ್ ಚೆಕ್‌ಇನ್ ಮಾಡುವಾಗ ಪರದೆ ತುಂಬಾ ದುಡ್ಡಿನ ಸೀಟುಗಳೇ ಕಾಣುತ್ತವೆ. ಕಡ್ಡಾಯ ಅಂತ ಅನ್ನಿಸುವ ಹಾಗೆ ಇಟ್ಟಿರುತ್ತಾರೆ, ಕಡ್ಡಾಯ ಅಲ್ಲ. ಸುಮ್ನೆ ಮುಂದೆ ಹೋಗುವ ಗುಂಡಿ ಎಲ್ಲೋ ಮೂಲೆಯಲ್ಲಿ ಇರುತ್ತದೆ, ಅದನ್ನು ಒತ್ತಿದರೆ ಯಾವುದಾದರೊಂದು ಸೀಟು ಬಿಟ್ಟಿಯಾಗಿಯೇ ಸಿಗುತ್ತದೆ. ವಯಸ್ಸಾದವರು ಜೊತೆಗಿದ್ದರೆ ಮಾತ್ರ ದುಡ್ಡು ಕೊಟ್ಟು ಪಕ್ಕಪಕ್ಕದ ಸೀಟು ತೆಗೆದುಕೊಳ್ಳಿ. ಗಾಲಿಕುರ್ಚಿ ಬೇಕಿದ್ದರೆ ಅದನ್ನು ಟಿಕೆಟ್ ಮಾಡುವಾಗಲೇ ಹೇಳಿ, ತಪ್ಪಿದರೆ 48 ಗಂಟೆ ಮೊದಲಾದರೂ ತಿಳಿಸಿ. ಬಾಗಿಲಲ್ಲಿ ಬಂದು ಕೇಳಿದರೆ ಅವರೂ ಎಲ್ಲಿಂದ ತರುತ್ತಾರೆ?

ಇನ್ನು ಮಳೆಗಾಲ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು. ನಮ್ಮ ರನ್‌ವೇ ಗುಡ್ಡದ ತಲೆಯ ಮೇಲೆ ಇದೆ. 2006ರಲ್ಲಿ ಶುರುವಾದ ಈ ರನ್‌ವೇಯ ಉದ್ದ 2,450 ಮೀಟರ್. ಅದರಾಚೆ ಇಳಿಜಾರು. ಜೂನ್, ಜುಲೈಯಲ್ಲಿ ಮಳೆ ಹಿಡಿದರೆ, ಮೋಡ ಗುಡ್ಡಕ್ಕೇ ಬಂದು ಕೂತರೆ, ವಿಮಾನ ಇಳಿಯದೆ ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ಹೋಗುವುದು ಇಲ್ಲಿ ಹೊಸತಲ್ಲ. 2010ರ ಮೇ 22ನ್ನು ಕರಾವಳಿಯಲ್ಲಿ ಯಾರೂ ಮರೆತಿಲ್ಲ. ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು, 158 ಜನ ತೀರಿಕೊಂಡರು. ಹಾಗಾಗಿ ಇಳಿಸುವುದಿಲ್ಲ ಅಂತ ಕ್ಯಾಪ್ಟನ್ ಹೇಳಿದರೆ ನಾನು ಯಾವತ್ತೂ ತಕರಾರು ಮಾಡುವವಳಲ್ಲ.

ನನ್ನ ತಕರಾರು ಆಮೇಲೆ ನಡೆಯುವುದರ ಬಗ್ಗೆ. ಒಂದು ಜುಲೈಯಲ್ಲಿ ಮುಂಬೈಯಿಂದ ಬರುತ್ತಿದ್ದೆ. ಕಂಪನಿಯ ಹೆಸರು ಇಲ್ಲಿ ಬೇಡ. ಬಜ್ಪೆ ಮೇಲೆ ಸುತ್ತು ಹೊಡೆದು ಹೊಡೆದು ಕೊನೆಗೆ ಬೆಂಗಳೂರಿನಲ್ಲಿ ಇಳಿಸಿದರು. ಬಾಗಿಲು ತೆರೆಯಲಿಲ್ಲ. ಘೋಷಣೆ ಎಲ್ಲ ಹಿಂದಿ, ಇಂಗ್ಲಿಷಿನಲ್ಲಿ. ನನ್ನ ಪಕ್ಕ ಪುತ್ತೂರು ಕಡೆಯ ಅಜ್ಜಿಯೊಬ್ಬರು ಕೂತಿದ್ದರು. ವಿಮಾನ ನಿಂತ ಕೂಡಲೇ ಬೆಲ್ಟು ಬಿಚ್ಚಿ, ಚೀಲ ತೊಡೆಗೆ ಎಳೆದುಕೊಂಡು ಹೊರಡಲು ರೆಡಿ.

"ಇಳಿಯುವುದಲ್ವಾ ಮಗಾ? ಮೊಮ್ಮಗ ಹೊರಗೆ ಕಾಯ್ತಾ ಇದ್ದಾನೆ."

"ಇದು ಬಜ್ಪೆ ಅಲ್ಲ ಅಜ್ಜಿ, ಬೆಂಗಳೂರು. ಅಲ್ಲಿ ಮಳೆ ಜೋರಂತೆ."

"ಬೆಂಗಳೂರಾ? ನಂಗೆ ಅಲ್ಲಿ ಎಂತ ಕೆಲಸ ಮಾರಾಯ್ತಿ!"

ಸುತ್ತಲಿದ್ದವರೆಲ್ಲ ನಕ್ಕರು, ಅಜ್ಜಿಯೂ ನಕ್ಕರು. ಆದರೆ ಮಂಗಳೂರಿಗೆ ಬರುವ ವಿಮಾನದಲ್ಲಿ ಕನ್ನಡದಲ್ಲಿ ಎರಡು ವಾಕ್ಯ ಹೇಳುವವರು ಒಬ್ಬರಾದರೂ ಬೇಡವಾ? ಎಷ್ಟು ಹೊತ್ತು ಕಾಯಬೇಕು, ಪೈಲಟ್‌ನ ಡ್ಯೂಟಿ ಹೊತ್ತು ಮುಗಿದರೆ ಎಂತ, ಇಲ್ಲೇ ಇಳಿಯುತ್ತೇವೆ ಅನ್ನುವವರು ಇಳಿಯಬಹುದಾ, ಯಾವುದಕ್ಕೂ ಸರಿಯಾದ ಉತ್ತರ ಸಿಗಲಿಲ್ಲ. ಅದಕ್ಕೇ ಹೇಳುವುದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮದುವೆ, ಪರೀಕ್ಷೆ, ಸಂದರ್ಶನ ಅಂತ ಹೊರಟವರು ಹಿಂದಿನ ದಿನವೇ ಹೋಗಿ. ಆ ದಿನವೇ ಹೋಗಲೇಬೇಕಾದರೆ ಬೆಳಗ್ಗಿನ ವಿಮಾನ ನೋಡಿ. ಅದು ಕೈಕೊಟ್ಟರೂ ದಿನ ಬಾಕಿ ಇರುತ್ತದೆ. ಔಷಧಿ, ಫೋನಿನ ಚಾರ್ಜರ್, ಒಂದು ಬಿಸ್ಕತ್ತು ಪ್ಯಾಕೆಟ್ ಕೈಚೀಲದಲ್ಲೇ ಇರಲಿ.

ದರದ ಬಗ್ಗೆ ಒಂದು ಮಾತು. ಘಟ್ಟದ ರಸ್ತೆಗೂ ನಮ್ಮ ವಿಮಾನದ ಟಿಕೆಟ್‌ಗೂ ನೇರ ಸಂಬಂಧ ಉಂಟು. ಶಿರಾಡಿಯಲ್ಲಿ ಗುಡ್ಡ ಜರಿದು ಬಸ್ಸು ನಿಂತಿತೋ, ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ರೈಲು ನಿಂತಿತೋ, ಅವತ್ತೇ ವಿಮಾನದ ದರ ಮೇಲಕ್ಕೆ. 2024ರ ಜುಲೈ ಕೊನೆಯಲ್ಲಿ ರೈಲು ಹಳಿಯ ಕೆಳಗಿನ ಮಣ್ಣು ಕುಸಿದಾಗ ಬೆಂಗಳೂರು ರೈಲುಗಳು ದಿನಗಟ್ಟಲೆ ನಿಂತಿದ್ದವು, ನೆನಪಿರಬಹುದು. ಮಳೆಗಾಲದ ಪ್ರಯಾಣ ಗೊತ್ತಿದ್ದರೆ ಮೊದಲೇ ಟಿಕೆಟ್ ಮಾಡಿಡುವುದು ಒಳ್ಳೆಯದು.

ಈಗ ನಿಯಮಗಳಿಗೆ ಬರೋಣ. ಇದು ಗೊತ್ತಿಲ್ಲದೆ ಜನ ದುಡ್ಡು ಬಿಟ್ಟು ಬರುತ್ತಾರೆ. ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ತಿಂಡಿ, ಪಾನೀಯ ಕೊಡಬೇಕು. ಕೊಡುತ್ತಾರಾ ಅಂದರೆ, ಕೇಳಿದವರಿಗೆ ಕೊಡುತ್ತಾರೆ. ಕೌಂಟರಿಗೆ ಹೋಗಿ ಮೆತ್ತಗೆ ಕೇಳಿ, ಜೋರು ಮಾಡಬೇಕಾಗಿಲ್ಲ. ಆರು ಗಂಟೆ ಮೀರಿ ತಡ ಅಂತ ಮೊದಲೇ ಹೇಳಿದರೆ ಬೇರೆ ವಿಮಾನವೋ ಪೂರ್ತಿ ದುಡ್ಡೋ, ಆಯ್ಕೆ ನಿಮ್ಮದು. ಹೇಳದೇ ಕೇಳದೇ ರದ್ದು ಮಾಡಿದರೆ ಪರಿಹಾರವೂ ಉಂಟು. ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000, ಎರಡು ಗಂಟೆವರೆಗೆ 7,500, ಅದಕ್ಕಿಂತ ಜಾಸ್ತಿಯಾದರೆ 10,000 ರೂಪಾಯಿ. ಅಥವಾ ಮೂಲ ದರ ಮತ್ತು ಇಂಧನದ ಶುಲ್ಕ ಸೇರಿಸಿದ ಮೊತ್ತ. ಎರಡರಲ್ಲಿ ಯಾವುದು ಕಮ್ಮಿಯೋ ಅದು. ಮಳೆ, ಮಂಜು, ವಿಮಾನ ಸಂಚಾರ ನಿಯಂತ್ರಣದವರ ಕಾರಣ ಅಂದರೆ ಈ ಪರಿಹಾರ ಇಲ್ಲ. ಆ ಕಾರಣಕ್ಕೇ ಕಂಪನಿಗಳಿಗೆ ಹವಾಮಾನ ಅನ್ನುವ ಪದ ಬಹಳ ಪ್ರೀತಿ. ರದ್ದಿನ ಕಾರಣವನ್ನು ಮೆಸೇಜಿನಲ್ಲೋ ಮೇಲ್‌ನಲ್ಲೋ ಕಳಿಸಿ ಅಂತ ಕೇಳಿ ಇಟ್ಟುಕೊಳ್ಳಿ.

ಇನ್ನೊಂದು, ಟಿಕೆಟ್ ನೀವೇ ರದ್ದು ಮಾಡಿದಾಗ ದುಡ್ಡು ವಾಪಸ್ ಇಲ್ಲ ಅಂತ ಬರೆದಿದ್ದರೂ ತೆರಿಗೆ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ವಾಪಸ್ ಕೊಡಲೇಬೇಕು. ಅಗ್ಗದ ಟಿಕೆಟ್‌ನಲ್ಲಿ ಈ ಮೊತ್ತವೇ ಸಾಕಷ್ಟು ಇರುತ್ತದೆ. ಹೋಗದಿದ್ದರೆ ಬಿಡು ಅಂತ ಸುಮ್ಮನಿರಬೇಡಿ, ರದ್ದು ಮಾಡಿ. ಕಂಪನಿಯವರು ಕಿವಿಗೆ ಹಾಕಿಕೊಳ್ಳದಿದ್ದರೆ ಸರ್ಕಾರದ್ದೇ ಏರ್‌ಸೇವಾ ಅನ್ನುವ ಜಾಲತಾಣ ಉಂಟು, ಅಲ್ಲಿ ದೂರು ಹಾಕಿ. ಗ್ರಾಹಕರ ಸಹಾಯವಾಣಿ 1915 ಕೂಡ ಉಂಟು.

ನಮ್ಮ ಕಡೆಯವರು ಇಂದಿಗೂ ಟ್ರಾವೆಲ್ಸ್‌ನವರ ಹತ್ತಿರ ಟಿಕೆಟ್ ಮಾಡಿಸುತ್ತಾರೆ. ತಪ್ಪೇನಿಲ್ಲ, ಗಲ್ಫ್ ಟಿಕೆಟ್‌ಗೆ ಅವರು ಎಷ್ಟೋ ಸಲ ಒಳ್ಳೆಯ ದರ ಕೊಡುತ್ತಾರೆ. ಆದರೆ ಟಿಕೆಟ್ ಕೈಗೆ ಬಂದಾಗ ಅದರಲ್ಲಿ ಯಾರ ಫೋನ್ ನಂಬರ್ ಇದೆ ನೋಡಿ. ಏಜೆಂಟರ ನಂಬರೇ ಇದ್ದರೆ ಹೊತ್ತು ಬದಲಾದ ಮೆಸೇಜು ಅವರಿಗೆ ಹೋಗುತ್ತದೆ. ಅವರು ಭಾನುವಾರ ಅಂಗಡಿ ಮುಚ್ಚಿ ಯಾವುದೋ ಕೋಲಕ್ಕೆ ಹೋಗಿದ್ದರೆ ನಿಮ್ಮ ಗತಿ? ಪ್ರಯಾಣಿಕರ ಸರಿಯಾದ ಸಂಪರ್ಕ ಕೊಟ್ಟಿಲ್ಲದಿದ್ದರೆ ಮೇಲೆ ಹೇಳಿದ ಪರಿಹಾರವನ್ನೂ ಕಂಪನಿ ಕೊಡಬೇಕಾಗಿಲ್ಲ. ನಿಮ್ಮ ನಂಬರ್ ಹಾಕಿಸಿ.

ಸಾಮಾನಿನ ವಿಷಯಕ್ಕೆ ಬಂದರೆ ಬಜ್ಪೆಯ ನಿಜವಾದ ನಾಟಕ ಗಲ್ಫ್ ವಿಮಾನದ ಕೌಂಟರಿನ ಎದುರು ನಡೆಯುತ್ತದೆ. ನಾನು ಅಮ್ಮನನ್ನು ದುಬೈಗೆ ಕರೆದುಕೊಂಡು ಹೋಗುವಾಗ ನಮ್ಮ ಮುಂದೆ ಬೆಳ್ತಂಗಡಿ ಕಡೆಯ ಹೆಂಗಸೊಬ್ಬರು ಇದ್ದರು. ರಟ್ಟಿನ ಪೆಟ್ಟಿಗೆ, ಸುತ್ತ ಹಳದಿ ಪ್ಲಾಸ್ಟಿಕ್ ಹಗ್ಗ, ನಾಲ್ಕೂ ಬದಿಗೆ ಮಾರ್ಕರಿನಲ್ಲಿ ಮಗನ ಹೆಸರು. ಕೌಂಟರಿನ ಹುಡುಗ ತೂಕ ನೋಡಿ, "ಅಮ್ಮ, ಇದರಲ್ಲಿ ಒಣ ಕೊಬ್ಬರಿ, ಗಸಗಸೆ ಏನಾದರೂ ಉಂಟಾ?" ಅಂತ ಕೇಳಿದ. ಅವರ ಮುಖ ಸಣ್ಣಗಾಯಿತು. ಕೊನೆಗೆ ಹಗ್ಗ ಕೊಯ್ದು ನೆಲದ ಮೇಲೆಯೇ ಪೆಟ್ಟಿಗೆ ಬಿಚ್ಚಿದರು. ಹಲಸಿನ ಹಪ್ಪಳ, ಕೋರಿ ರೊಟ್ಟಿ, ಕುಚ್ಚಲಕ್ಕಿ, ಒಣಮೀನು. ಎಲ್ಲದರ ಅಡಿಯಲ್ಲಿ ಹಳೆ ಪೇಪರಿನಲ್ಲಿ ಸುತ್ತಿದ ಗಸಗಸೆಯ ಪೊಟ್ಟಣ.

ಹುಡುಗ ಕೇಳಿದ್ದು ಅವರ ಪುಣ್ಯ. ಗಸಗಸೆ ಯುಎಇ, ಸೌದಿ ಎರಡೂ ಕಡೆ ನಿಷಿದ್ಧ. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಸಿಕ್ಕಿಬಿದ್ದರೆ ಜೈಲು. ನಮಗೆ ಪಾಯಸಕ್ಕೆ ಹಾಕುವ ಒಂದು ಮುಷ್ಟಿ, ಅಲ್ಲಿ ಕೇಸು. ಒಣ ಕೊಬ್ಬರಿಗೆ ಬೆಂಕಿ ಬೇಗ ಹತ್ತಿಕೊಳ್ಳುತ್ತದೆ ಅಂತ ದೊಡ್ಡ ಪೆಟ್ಟಿಗೆಯಲ್ಲೂ ಬಿಡುವುದಿಲ್ಲ. ತುಪ್ಪ, ತೆಂಗಿನೆಣ್ಣೆ, ಉಪ್ಪಿನಕಾಯಿ ಕೈಚೀಲದಲ್ಲಿ ಇಡಬೇಡಿ, ಕೆಳಗೆ ಹೋಗುವ ಪೆಟ್ಟಿಗೆಗೇ ಹಾಕಿ, ಸೋರದ ಹಾಗೆ ಕಟ್ಟಿ. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು. ನೋವಿನ ಮಾತ್ರೆ, ಕೆಮ್ಮಿನ ಸಿರಪ್ ಒಯ್ಯುವವರು ಡಾಕ್ಟರ ಚೀಟಿ ಜೊತೆಗಿಡಿ. ಇಲ್ಲಿ ಸಾಮಾನ್ಯವಾಗಿ ಸಿಗುವ ಕೆಲವು ಔಷಧಿಗೆ ಅಲ್ಲಿ ಕಟ್ಟುನಿಟ್ಟು ಉಂಟು.

ದೇಶದೊಳಗೆ ಸಾಮಾನ್ಯವಾಗಿ 15 ಕಿಲೋ ಪೆಟ್ಟಿಗೆ, 7 ಕಿಲೋ ಕೈಚೀಲ. ಕೈಚೀಲ ಒಂದೇ. ಕೆಲವು ಅಗ್ಗದ ಟಿಕೆಟ್‌ನಲ್ಲಿ 15 ಕಿಲೋ ಇರುವುದೇ ಇಲ್ಲ, ದರ ನೋಡಿ ಮರುಳಾಗುವ ಮೊದಲು ಅದನ್ನು ನೋಡಿ. ಜಾಸ್ತಿ ತೂಕ ಇದ್ದರೆ ಆನ್‌ಲೈನಿನಲ್ಲಿ ಮೊದಲೇ ಕಟ್ಟಿಬಿಡಿ, ಕೌಂಟರಿನಲ್ಲಿ ಅದೇ ತೂಕಕ್ಕೆ ಜಾಸ್ತಿ ಬೀಳುತ್ತದೆ.

ಉಡುಪಿಯಿಂದ ಬರುವವರಿಗೆ ದಾರಿ ಎರಡು. ಮೂಲ್ಕಿಯಲ್ಲಿ ತಿರುಗಿ ಕಿನ್ನಿಗೋಳಿ, ಕಟೀಲು ಮೇಲೆ ಬಜ್ಪೆಗೆ ಬರಬಹುದು. ಇಲ್ಲ, ಹೆದ್ದಾರಿಯಲ್ಲೇ ಕೂಳೂರಿಗೆ ಹೋಗಿ ಕಾವೂರು, ಮರವೂರು ಸೇತುವೆ ದಾಟಿ ಹತ್ತಬಹುದು. ನನಗೆ ಕಟೀಲು ದಾರಿಯೇ ಇಷ್ಟ, ನವರಾತ್ರಿ ಬಿಟ್ಟು. ವಿಮಾನ ಹೊರಡುವ ಹೊತ್ತಿಗೆ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತದೆ, ಪಡುಬಿದ್ರಿಯಲ್ಲಿ ಟ್ರಾಫಿಕ್ ಇತ್ತು ಅಂದರೆ ಯಾರೂ ಕೇಳುವುದಿಲ್ಲ. ಬಜ್ಪೆಯ ಬಸ್ಸು ಕೆಂಜಾರಿನ ಕೆಳಗೆ ಇಳಿಸುತ್ತದೆ, ಗುಡ್ಡ ಹತ್ತಲು ಪೆಟ್ಟಿಗೆ ಇದ್ದವರಿಗೆ ರಿಕ್ಷಾ ಬೇಕೇ ಬೇಕು.

ಮುಂದಕ್ಕೆ ಇನ್ನೊಂದು ವಿಮಾನ ಹಿಡಿಯುವವರು ಎರಡನ್ನೂ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ ತೆಗೆಯಿರಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಬೇರೆ ವಿಮಾನಕ್ಕೆ ಹಾಕುವುದು ಆಗ ಕಂಪನಿಯ ತಲೆನೋವು. ಬೇರೆ ಬೇರೆ ಟಿಕೆಟಾದರೆ ಅದು ಪೂರಾ ನಿಮ್ಮ ತಲೆನೋವು. ಬೆಂಗಳೂರಿನಲ್ಲಿ ಇಂಡಿಗೋದವರು ಒಂದನೇ ಟರ್ಮಿನಲ್‌ನಲ್ಲಿ ಇಳಿಸುತ್ತಾರೆ, ವಿದೇಶಿ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದ. ನಡುವೆ ಬಸ್ಸು ಉಂಟು, ಆದರೆ ಆ ಹೊತ್ತನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮುಂಬೈಯದ್ದು ಈಗ ಇನ್ನೂ ಗೊಂದಲ. 2025ರ ಡಿಸೆಂಬರ್ 25ರಿಂದ ನವಿ ಮುಂಬೈ ನಿಲ್ದಾಣವೂ ಶುರುವಾಗಿದೆ. ವಾಶಿ, ಪನ್ವೇಲ್ ಕಡೆ ಇರುವ ನಮ್ಮವರಿಗೆ ಅದು ಲಾಭವೇ. ಬೊರಿವಲಿ, ದಹಿಸರ್ ಕಡೆಯವರಿಗೆ ಇಡೀ ಊರು ಸುತ್ತಿ ಬರುವ ಶಿಕ್ಷೆ. ಹಳೆ ನಿಲ್ದಾಣದಿಂದ ವಿದೇಶಕ್ಕೆ ಹೋಗುವವರು ನವಿ ಮುಂಬೈಯಲ್ಲಿ ಇಳಿದರೆ ಕೇಳುವುದೇ ಬೇಡ. ಟಿಕೆಟ್ ಹುಡುಕುವಾಗ ಎರಡೂ ಒಟ್ಟಿಗೇ ಬರುತ್ತವೆ. ಹಳೆಯದರ ಗುರುತು ಬಿಒಎಮ್, ಹೊಸತರದ್ದು ಎನ್‌ಎಮ್‌ಐ. ದುಡ್ಡು ಕಟ್ಟುವ ಮೊದಲು ಆ ಮೂರು ಅಕ್ಷರ ನೋಡಿ.