ಜೆಲ್ ಕ್ಯಾಂಡಲ್‌ಗೆ ಊದಿನಕಡ್ಡಿ ಸೆಂಟ್ ಹಾಕಬೇಡಿ

ದೀಪಾವಳಿ, ಕಾರ್ತಿಕ ಹತ್ತಿರ ಬಂತೆಂದರೆ ನಮ್ಮ ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಎಷ್ಟೋ ಮನೆಗಳಲ್ಲಿ ಜೆಲ್ ಕ್ಯಾಂಡಲ್ ಮಾಡಿ ಮಾರುತ್ತಾರೆ. ಮಾಡುವವರೂ ಕೊಳ್ಳುವವರೂ ಇದನ್ನು ಓದಿ.

ದಾವಣಗೆರೆಯ ಒಂದು ಮನೆಯಲ್ಲಿ ಆದದ್ದು ಇದು. ಹಬ್ಬಕ್ಕೆಂದು ಜೆಲ್ ಕರಗಿಸಿ ಗಾಜಿನ ಲೋಟಗಳಿಗೆ ಹುಯ್ದಿದ್ದರು. ಮಲ್ಲಿಗೆ ಸೆಂಟ್ ತಂದದ್ದು ಊರಿನದೇ ಒಂದು ಅಂಗಡಿಯಿಂದ. ಊದಿನಕಡ್ಡಿಗೂ ಆಗುತ್ತೆ, ಕ್ಯಾಂಡಲ್‌ಗೂ ಆಗುತ್ತೆ ಎಂದು ಹೇಳಿಯೇ ಕೊಟ್ಟಿದ್ದರು. ಹುಯ್ದ ದಿನ ಜೆಲ್ ತಿಳಿಯಾಗಿತ್ತು. ಎರಡು ಮೂರು ದಿನಕ್ಕೆ ಒಳಗೆ ಮಬ್ಬು ಕಟ್ಟಿತು, ಮೇಲೆ ಬೆವರಿನಂತೆ ಹನಿ ಕಾಣಿಸಿತು. ಹನಿ ಒರೆಸಿ, ರಿಬ್ಬನ್ ಕಟ್ಟಿ, ಬಂದವರಿಗೆ ಕೊಟ್ಟರು. ಅದರಲ್ಲೊಂದನ್ನು ಹಚ್ಚಿದ ಅರ್ಧ ಗಂಟೆಯೊಳಗೆ ಬತ್ತಿಯ ಬೆಂಕಿ ಜೆಲ್‌ನ ಮೇಲ್ಮೈಗೆಲ್ಲ ಹರಡಿ ಲೋಟದ ಬಾಯಿಂದ ಗೇಣುದ್ದ ಎದ್ದಿತು. ಗಾಬರಿಯಲ್ಲಿ ನೀರು ಹಾಕಿದರು. ಕಾದ ಎಣ್ಣೆ ಸಿಡಿಯಿತು, ಲೋಟ ಒಡೆಯಿತು, ಮುಂಗೈ ಬೆಂದಿತು.

ಕಾರಣ ಸೆಂಟ್. ಜೆಲ್ ವ್ಯಾಕ್ಸ್ ಎಂದು ಮಾರುವುದು ನಿಜವಾಗಿ ಮೇಣವೇ ಅಲ್ಲ. ಅದರಲ್ಲಿ 90ರಿಂದ 95 ಭಾಗ ಬಿಳಿ ಮಿನರಲ್ ಆಯಿಲ್, ಉಳಿದದ್ದು ಅದನ್ನು ಗಟ್ಟಿಯಾಗಿ ಹಿಡಿದಿಡುವ ಪಾಲಿಮರ್. ಆ ಎಣ್ಣೆಯಲ್ಲಿ ಪೂರ್ತಿ ಬೆರೆಯುವ ಸೆಂಟ್ ಮಾತ್ರ ಜೆಲ್‌ಗೆ ಆಗಿಬರುತ್ತದೆ. ಊದಿನಕಡ್ಡಿ ಅದ್ದುವ ಸೆಂಟನ್ನು ಹೆಚ್ಚಾಗಿ ಡಿಇಪಿ (ಡೈಈಥೈಲ್ ಥಾಲೇಟ್) ಎಂಬ ದ್ರಾವಕದಲ್ಲಿ ತೆಳು ಮಾಡಿರುತ್ತಾರೆ. ಡಿಇಪಿ ಮಿನರಲ್ ಆಯಿಲ್ ಜೊತೆ ಸರಿಯಾಗಿ ಕೂಡುವುದಿಲ್ಲ. ಮೋಸ ಆಗುವುದು ಬಿಸಿಯಲ್ಲಿ: 90 ಡಿಗ್ರಿಯಲ್ಲಿ ಕಲಕಿದಾಗ ಬೆರೆತಂತೆಯೇ ಕಾಣುತ್ತದೆ. ಆರಿದ ಮೇಲೆ ಬಿಟ್ಟುಕೊಂಡು ಒಳಗೆ ಸಣ್ಣ ಸಣ್ಣ ಗುಳಿಗಳಾಗಿ, ಮೇಲೆ ಹನಿಯಾಗಿ ನಿಲ್ಲುತ್ತದೆ. ಬತ್ತಿ ಉರಿಯುತ್ತ ಆ ಗುಳಿಗೆ ತಲುಪಿದಾಗ ಸೆಂಟ್ ಒಟ್ಟಿಗೇ ಹತ್ತಿಕೊಳ್ಳುತ್ತದೆ. ಆ ಮಬ್ಬೂ ಹನಿಯೂ ಮೊದಲೇ ಕೊಟ್ಟ ಸೂಚನೆ. ಅದನ್ನು ಒರೆಸಿದ್ದೇ ಅನಾಹುತಕ್ಕೆ ದಾರಿ.

ಅತ್ತರ್, ಬಾಡಿ ಸ್ಪ್ರೇ, ರೂಮ್ ಫ್ರೆಶ್ನರ್ ಇವೂ ಬೇಡವೇ ಬೇಡ. ಸ್ಪಿರಿಟ್ ಇದ್ದದ್ದು ಇನ್ನೂ ಬೇಗ ಹೊತ್ತಿಕೊಳ್ಳುತ್ತದೆ.

ಸೆಂಟ್ ಆಗುತ್ತದೋ ಇಲ್ಲವೋ ಎಂದು ಮನೆಯಲ್ಲೇ ನೋಡಬಹುದು. ಮೆಡಿಕಲ್ ಶಾಪ್‌ನಲ್ಲಿ ಲಿಕ್ವಿಡ್ ಪ್ಯಾರಾಫಿನ್ ಸಿಗುತ್ತದೆ. ನೀರಿನಂತೆ ತಿಳಿಯಾದದ್ದೇ ಬೇಕು. ಮಲಬದ್ಧತೆಗೆ ಕೊಡುವ ಬಿಳಿ ಸಿರಪ್ ಅಲ್ಲ. ಸೂಜಿ ತೆಗೆದ ಸಿರಿಂಜ್‌ನಿಂದ 3 ಎಂಎಲ್ ಪ್ಯಾರಾಫಿನ್, 1 ಎಂಎಲ್ ಸೆಂಟ್ ಅಳೆದು ಒಣಗಿದ ಸಣ್ಣ ಗಾಜಿನ ಬಾಟಲಿಯಲ್ಲಿ ಹಾಕಿ, ಮುಚ್ಚಿ ಕುಲುಕಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬೆಳಕಿಗೆ ಹಿಡಿದಾಗ ಬಾಟಲಿಯಾಚೆಯ ಅಕ್ಷರ ಸ್ಪಷ್ಟವಾಗಿ ಓದುವಂತಿದ್ದರೆ ಸರಿ. ಹಾಲುಬಣ್ಣಕ್ಕೆ ತಿರುಗಿದ್ದರೂ, ಎರಡು ಪದರ ಆಗಿದ್ದರೂ, ತಳದಲ್ಲಿ ಒಂದೇ ಒಂದು ಹನಿ ಬೇರೆ ನಿಂತಿದ್ದರೂ ಆ ಸೆಂಟ್ ಜೆಲ್‌ಗೆ ಬೇಡ. ಇದರ ಜೊತೆಗೆ ಸೆಂಟಿನ ಫ್ಲಾಶ್ ಪಾಯಿಂಟ್, ಅಂದರೆ ಅದರ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಬಿಸಿ, ಕನಿಷ್ಠ 77 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಾರುವವರು ಆ ಸಂಖ್ಯೆ ಬರೆದು ಕೊಡದಿದ್ದರೆ ಕೊಳ್ಳಬೇಡಿ. ಬರೆದು ಕೊಟ್ಟರೂ ಬಾಟಲಿ ಪರೀಕ್ಷೆ ಬಿಡಬೇಡಿ, ಎರಡೂ ಬೇರೆ ಬೇರೆ ವಿಷಯ.

ಪರೀಕ್ಷೆ ಪಾಸಾದ ಸೆಂಟನ್ನೂ ತೂಕ ಮಾಡಿ ಹಾಕಿ. ಮೀಡಿಯಂ ಜೆಲ್‌ಗೆ ನೂರಕ್ಕೆ 3, ಅಂದರೆ ಅರ್ಧ ಕೆಜಿಗೆ 15 ಗ್ರಾಂ. ಹೈ ಡೆನ್ಸಿಟಿಗೆ, ಅಂದರೆ ಪಾಲಿಮರ್ ಹೆಚ್ಚಿರುವ ಗಟ್ಟಿ ಜೆಲ್‌ಗೆ, ನೂರಕ್ಕೆ 5ರವರೆಗೆ. ಘಮ ಸಾಲದು ಎಂದು ಮುಚ್ಚಳದಲ್ಲಿ ಅಂದಾಜಿಗೆ ಹುಯ್ಯುವುದೇ ಬಹಳ ಕಡೆ ನಡೆಯುವ ತಪ್ಪು.

ಕರಗಿಸುವಾಗ ಮೇಣಕ್ಕೆ ಮಾಡುವ ಹಾಗೆ ನೀರಿನ ಪಾತ್ರೆಯೊಳಗೆ ಪಾತ್ರೆ ಇಡಬೇಡಿ. ಜೆಲ್ ಪೂರ್ತಿ ಹರಿಯಲು 90ರಿಂದ 105 ಡಿಗ್ರಿ ಬೇಕು, ಕುದಿಯುವ ನೀರಿನೊಳಗಿಟ್ಟ ಪಾತ್ರೆಗೆ ಅಷ್ಟು ಬಿಸಿ ಸರಿಯಾಗಿ ಸಿಗುವುದಿಲ್ಲ. ಮೇಲಾಗಿ ಹಬೆಯ ಹನಿ ಒಳಗೆ ಬಿದ್ದು ಗುಳ್ಳೆ ಏಳುತ್ತದೆ. ದಪ್ಪ ತಳದ ಒಣಗಿದ ಸ್ಟೀಲ್ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ, ಸಾಧ್ಯವಾದರೆ ಕರೆಂಟಿನ ಒಲೆಯಲ್ಲಿ ಕರಗಿಸಿ. 200 ಡಿಗ್ರಿವರೆಗೆ ತೋರಿಸುವ ಕಡ್ಡಿ ಥರ್ಮಾಮೀಟರ್ ಕಡ್ಡಾಯ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕಲ್ಲ. 110 ದಾಟಿದರೆ ಒಲೆ ಆರಿಸಿ. ಹೊಗೆ ಕಂಡರಂತೂ ತುಂಬ ತಡವಾಗಿದೆ ಎಂದೇ ಲೆಕ್ಕ. ಸೆಂಟನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಿ, ನಿಧಾನ ಕಲಕಿ. ಬಣ್ಣ ಎಣ್ಣೆಯಲ್ಲಿ ಕರಗುವ ಕ್ಯಾಂಡಲ್ ಡೈ ಮಾತ್ರ. ಅಡುಗೆ ಬಣ್ಣ ನೀರಿನದು, ಕೂಡುವುದಿಲ್ಲ. ಕುಂಕುಮ, ರಂಗೋಲಿ ಪುಡಿ ಬತ್ತಿಯನ್ನು ಕಟ್ಟಿಸುತ್ತವೆ.

ಲೋಟ ದಪ್ಪ ಗಾಜಿನದು, ಬಾಯಿ ಅಗಲವಾದದ್ದು ಇರಲಿ. ಚಹಾ ಅಂಗಡಿಯ ತೆಳು ಗ್ಲಾಸು ಬೇಡ. ಜೆಲ್ ಮೇಣಕ್ಕಿಂತ ಹೆಚ್ಚು ಬಿಸಿಯಾಗಿ ಉರಿಯುತ್ತದೆ, ತೆಳು ಗಾಜು ತಡೆಯುವುದಿಲ್ಲ. ಲೋಟವನ್ನು ಮೊದಲು ಬೆಚ್ಚಗೆ ಮಾಡಿ ಹುಯ್ದರೆ ಗುಳ್ಳೆಯೂ ಕಡಿಮೆ. ದೇವರ ದೀಪದ ಹತ್ತಿಬತ್ತಿ ಮೆತ್ತನೆಯ ಜೆಲ್‌ನಲ್ಲಿ ಓಲಿ ಗಾಜಿಗೆ ತಾಗುತ್ತದೆ. ಒಳಗೆ ಜಿಂಕ್ ತಂತಿ ಇರುವ ಬತ್ತಿಗೆ ತಳದ ಬಿಲ್ಲೆ ಹಾಕಿ, ಕರಗಿದ ಜೆಲ್‌ನಲ್ಲೇ ಅದ್ದಿ ನಡುಮಧ್ಯೆ ಕೂರಿಸಿ, ಜೆಲ್ ಮೇಲೆ 6 ಮಿಮೀ ಬಿಟ್ಟು ಕತ್ತರಿಸಿ. ಒಣಹೂವು, ಪ್ಲಾಸ್ಟಿಕ್ ಮಣಿ, ಥರ್ಮಾಕೋಲ್ ಒಳಗೆ ಇಡುವುದನ್ನು ವಿಡಿಯೋಗಳಲ್ಲಿ ತೋರಿಸುತ್ತಾರೆ. ಅವೆಲ್ಲ ಎರಡನೇ ಬತ್ತಿಯಾಗುತ್ತವೆ. ಕಪ್ಪೆಚಿಪ್ಪು, ಗಾಜಿನ ಗೋಲಿ ಇಡಬಹುದು, ಅವೂ ಬತ್ತಿಯಿಂದ ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ದೂರ.

ಬೆಂಕಿ ಎದ್ದರೆ ನೀರು ಬೇಡ. ಲೋಟದ ಬಾಯಿ ಪೂರ್ತಿ ಮುಚ್ಚುವ ಸ್ಟೀಲ್ ತಟ್ಟೆ ಮೇಲಿಟ್ಟು, ಗಾಜು ತಣ್ಣಗಾಗುವವರೆಗೆ ತೆಗೆಯಬೇಡಿ. ಕರಗಿಸುವ ಪಾತ್ರೆಗೂ ಅಷ್ಟೇ, ಮೊದಲು ಒಲೆ ಆರಿಸಿ ಮುಚ್ಚಳ ಹಾಕಿ, ಪಾತ್ರೆ ಎತ್ತಿಕೊಂಡು ಓಡಬೇಡಿ. ಕೈಗೆ ಬಿದ್ದರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಅಂಟಿದ ಜೆಲ್ ಕೀಳಬೇಡಿ. ಟೂತ್‌ಪೇಸ್ಟ್, ಇಂಕು ಹಚ್ಚಬೇಡಿ. ಆಸ್ಪತ್ರೆಗೆ ಹೋಗಿ.

ಈಗಾಗಲೇ ಊದಿನಕಡ್ಡಿ ಸೆಂಟ್ ಹಾಕಿ ಮಾಡಿಟ್ಟಿದ್ದರೆ ಮತ್ತೆ ಕರಗಿಸಿ ಸರಿಮಾಡಲು ಆಗುವುದಿಲ್ಲ, ಆರಿದಾಗ ಸೆಂಟ್ ಮತ್ತೆ ಬಿಟ್ಟುಕೊಳ್ಳುತ್ತದೆ. ಬತ್ತಿ ಎಳೆದು ತೆಗೆದು, ಜೆಲ್ ಕೆರೆದು ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಕೊಡಿ. ಬಚ್ಚಲಿಗೆ ಹುಯ್ದರೆ ಪೈಪ್ ಕಟ್ಟುತ್ತದೆ. ಮಾರಿದವರು, ಉಡುಗೊರೆ ಕೊಟ್ಟವರು ತೆಗೆದುಕೊಂಡ ಮನೆಗಳಿಗೆ ಇವತ್ತೇ ಫೋನ್ ಮಾಡಿ, ಹಚ್ಚಬೇಡಿ ಎಂದು ಹೇಳಿ, ದುಡ್ಡು ವಾಪಸ್ ಕೊಡಿ.