ಕ್ಯಾಸಿಯೋ ಎಫ್‌ಎಕ್ಸ್-991ಇಎಕ್ಸ್: ಮಗನ ಎ-ಲೆವೆಲ್ ಗಣಿತಕ್ಕೆ ಕೊಂಡ ಕ್ಯಾಲ್ಕುಲೇಟರ್

ಇಂಗ್ಲೆಂಡಿನಲ್ಲಿ ಎ-ಲೆವೆಲ್ (ನಮ್ಮ ಪಿಯುಸಿಯಂಥದು) ಗಣಿತ ಓದುವ ಮಕ್ಕಳಿಗೆ ಈ ಕ್ಯಾಲ್ಕುಲೇಟರ್ ಕೊಡಿಸಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ: ಧಾರಾಳವಾಗಿ ಕೊಡಿಸಿ. 2017ರ ಹೊಸ ಪಠ್ಯಕ್ರಮದಲ್ಲಿ ದ್ವಿಪದ ವಿತರಣೆಯ (ಸರಿ ಇಲ್ಲವೇ ತಪ್ಪು ಎಂಬ ಎರಡೇ ಫಲವಿರುವ ಪ್ರಯತ್ನವನ್ನು ಹಲವು ಬಾರಿ ಮಾಡಿದರೆ ಎಷ್ಟು ಸರಿಬೀಳಬಹುದು ಎಂಬ ಲೆಕ್ಕದ) ಸಂಭವನೀಯತೆ ತೆಗೆಯಬಲ್ಲ ಕ್ಯಾಲ್ಕುಲೇಟರ್ ಇರಲೇಬೇಕು. ಆದರೆ ಕೊಡಿಸಿದ ದಿನವೇ ಮಗುವಿನ ಪಕ್ಕ ಕೂತು ಒಂದು ಲೆಕ್ಕವನ್ನು ಕೈಯಲ್ಲಿ ಮಾಡಿಸಿ.

ನಾವು ಮಾಡಿದ್ದು ಇದು. ಹತ್ತು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಆಯ್ಕೆ, ಏನೂ ಓದದೆ ಗುರುತು ಹಾಕುತ್ತಾ ಹೋದರೆ ಸರಿಯಾಗಿ ಮೂರೇ ಉತ್ತರ ಸರಿಬೀಳುವ ಸಂಭವನೀಯತೆ ಎಷ್ಟು? ಆ ಮೂರು ಯಾವುವು ಎಂದು ಆರಿಸಲು 120 ದಾರಿಗಳಿವೆ. ಪ್ರತಿ ದಾರಿಗೂ ಮೂರು ಸರಿಗೆ ಕಾಲಿನ ಘನ, ಏಳು ತಪ್ಪಿಗೆ ಮುಕ್ಕಾಲಿನ ಏಳನೇ ಘಾತ. ಗುಣಿಸಿದರೆ 0.2503. ಆಮೇಲೆ ಮೆನುವಿನಲ್ಲಿ 7 ಒತ್ತಿ, ಬೈನಾಮಿಯಲ್ ಪಿಡಿ (ಸರಿಯಾಗಿ ಇಷ್ಟೇ ಎಂಬುದರ ಸಂಭವನೀಯತೆ) ಆರಿಸಿ 3, 10, 0.25 ಕೊಟ್ಟೆವು. ಅದೇ ಉತ್ತರ ಬಂತು. ಯಂತ್ರದ ಒಳಗೆ ನಡೆಯುವುದು ತಾನು ಈಗಷ್ಟೇ ಬರೆದ ಗುಣಾಕಾರವೇ ಎಂದು ಮಗನಿಗೆ ಆಗ ಹೊಳೆಯಿತು. ನನಗೆ ಬೇಕಿದ್ದದ್ದೂ ಅದೇ.

ಎಡವಟ್ಟಾಗುವುದು ಬೈನಾಮಿಯಲ್ ಸಿಡಿಯಲ್ಲಿ. ಅದು ಯಾವಾಗಲೂ ಸೊನ್ನೆಯಿಂದ ನೀವು ಕೊಟ್ಟ ಸಂಖ್ಯೆಯವರೆಗೆ ಕೂಡಿಸುತ್ತದೆ. ‘ಕನಿಷ್ಠ 3’ ಎಂದು ಕೇಳಿದಾಗ ಮಕ್ಕಳು 3 ಒತ್ತಿ, ಬಂದ 0.7759 ಅನ್ನು ಒಂದರಿಂದ ಕಳೆದುಬಿಡುತ್ತಾರೆ. ಒತ್ತಬೇಕಾದದ್ದು 2. ಬರುವುದು 0.5256, ಕಳೆದರೆ 0.4744. ಯಂತ್ರ ಇಲ್ಲಿ ಎಚ್ಚರಿಸುವುದಿಲ್ಲ, ಪ್ರಶ್ನೆಯನ್ನು ನಾವೇ ಓದಿಕೊಳ್ಳಬೇಕು. ಕೆಳಮಿತಿ, ಮೇಲ್ಮಿತಿ ಎರಡನ್ನೂ ಒಟ್ಟಿಗೆ ಕೊಡುವ ಸೌಲಭ್ಯ ಈ ಮಾದರಿಯಲ್ಲಿಲ್ಲ. ಅದು ಬೇಕೆಂದರೆ ದುಬಾರಿ ಗ್ರಾಫಿಕ್ ಮಾದರಿಗೆ ಹೋಗಬೇಕು, ನನಗೆ ಅಷ್ಟು ಅಗತ್ಯ ಕಾಣಲಿಲ್ಲ.

ನನಗೆ ಅತಿ ಇಷ್ಟವಾದದ್ದು ಲಿಸ್ಟ್ ಆಯ್ಕೆ. 0ಯಿಂದ 10ರವರೆಗೆ ತುಂಬಿಸಿದರೆ ಹನ್ನೊಂದೂ ಉತ್ತರ ಸಾಲಾಗಿ ಬರುತ್ತವೆ. 2ರ ಹತ್ತಿರ 0.2816ಕ್ಕೆ ಏರಿ, ಆಮೇಲೆ ಸರಸರನೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಪ್ರಾಕ್ಕಲ್ಪನಾ ಪರೀಕ್ಷೆಯ (ಒಂದು ಊಹೆಯನ್ನು ಅಂಕಿಗಳಿಂದ ಒರೆಹಚ್ಚುವ) ಲೆಕ್ಕಗಳಿಗಂತೂ ಇದು ದೊಡ್ಡ ಆಸರೆ. ಹುಡುಗ ನಿಜವಾಗಿ ಓದಿದ್ದಾನೆ ಎನ್ನಲು ಶೇಕಡ 5ರ ಮಟ್ಟದಲ್ಲಿ, ಅಂದರೆ ಬರೀ ಅದೃಷ್ಟದಿಂದ ಹಾಗಾಗುವ ಸಂಭವ ಶೇಕಡ 5ನ್ನು ಮೀರದಂತೆ, ಎಷ್ಟು ಸರಿ ಉತ್ತರ ಬೇಕು? ಸಿಡಿ ಪಟ್ಟಿಯಲ್ಲಿ 4ಕ್ಕೆ 0.9219, 5ಕ್ಕೆ 0.9803. 0.95 ದಾಟುವುದು 5ರಲ್ಲಿ, ಹಾಗಾಗಿ ಆರು ಅಥವಾ ಹೆಚ್ಚು.

ಊರಲ್ಲಿ ಪಿಯುಸಿ ಓದುವ ಅಕ್ಕನ ಮಗಳಿಗೂ ಒಂದು ಕಳಿಸೋಣವೆಂದಿದ್ದೆ, ಬಿಟ್ಟೆ. ಅಲ್ಲಿ ಗಣಿತದ ಪರೀಕ್ಷೆಗೆ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಎನ್‌ಸಿಇಆರ್‌ಟಿ ಪಠ್ಯ ಕಡಿತ ಮಾಡಿದಾಗ 12ನೇ ತರಗತಿಯಿಂದ ದ್ವಿಪದ ವಿತರಣೆಯನ್ನೂ ಕೈಬಿಟ್ಟಿದೆ. ಇಷ್ಟು ಚೆಂದದ ಪಾಠ ಹೋಯಿತಲ್ಲ ಎಂದು ನನಗೆ ಬೇಸರವಿದೆ. ರಜೆಗೆ ಹೋದಾಗ ಅವಳಿಗೆ ಆ 120 ದಾರಿಗಳ ಲೆಕ್ಕವನ್ನು ಕಾಗದದ ಮೇಲೆಯೇ ಹೇಳಿಕೊಡುತ್ತೇನೆ.